ತಿರುಪನ್ನು ತಿರುಗಿಸುವ ಮುನ್ನ

ಮಾದರಿ ವಿಮಾನದ ಪುಟ್ಟ ಡೀಸೆಲ್ ಎಂಜಿನಿಗೆ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳನ್ನು ಸುಮಾರು ಸಮಪಾಲಿನಲ್ಲಿ ಬೆರೆಸಿದ ಇಂಧನವು ಸಿಲಿಂಡರಿನಲ್ಲಿ ಗಾಳಿಯೊಡನೆ ಅದುಮಲ್ಪಟ್ಟು, ಕಾದು, ತಾನಾಗಿ ಹೊತ್ತಿಕೊಳ್ಳುವುದು. ಈಥರ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಹೊತ್ತುವುದರಿಂದ ಇದು ಸುಲಭಸಾಧ್ಯ. ಹೊಂದಿಸಲು ಇರುವುವು ಎರಡೇ: ಒತ್ತಡದ ತಿರುಪು, ಇಂಧನದ ಸೂಜಿ.

ಎಂಜಿನು ಹೊರಡದಿದ್ದಾಗ ನಾವೊಮ್ಮೆ ಎರಡನ್ನೂ ಒಟ್ಟಿಗೇ ತಿರುಗಿಸಿದೆವು. ಇಂಧನವನ್ನು ಹೆಚ್ಚಿಸಿ, ಒತ್ತಡವನ್ನು ಬಿಗಿಸಿ, ಪ್ರೊಪೆಲರನ್ನು ಬಲವಂತವಾಗಿ ತಳ್ಳಿದೆವು. ಒಳಗೆ ತುಂಬಿದ್ದ ದ್ರವವು ಅದುಮಿದರೆ ಕುಗ್ಗುವುದುಂಟೆ? ಪಿಸ್ಟನ್ನಿನ ದಂಡವೇ ಬಾಗಿತು. ಮೂಲ ದೋಷವಿದ್ದುದಾದರೋ ಸೀಸೆಯ ಸಡಿಲ ಬಿರಡೆಯಲ್ಲಿ. ಈಥರ್ ಆವಿಯಾಗಿ ಹೋಗಿತ್ತು!

ಮೊದಲು ಹೊಸ ಇಂಧನ. ಬಳಿಕ ಒತ್ತಡವನ್ನು ಸಡಿಲಿಸಿ, ಹೆಚ್ಚಿನ ದ್ರವವನ್ನು ಹೊರಹಾಕುವುದು. ಆಮೇಲೆ ಒಂದೊಂದೇ ತಿರುಪು, ತುಸುತುಸುವಾಗಿ. ಒಂದು ಬಾರಿಗೆ ಒಂದೇ ಬದಲಾವಣೆ ಎಂಬುದು ಪ್ರಯೋಗವಿಜ್ಞಾನದ ಜೀವಾಳ. ಗೊತ್ತಿರುವ ಉತ್ತರಕ್ಕೆ ಅಂಕಿಗಳನ್ನು ಹೊಂದಿಸಿ ಬರೆಯುವ ಅಭ್ಯಾಸವು ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಆದುದರಿಂದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಟ್ಟು ನಿಂತ ಇಂತಹ ಎಂಜಿನೊಂದನ್ನು ಇರಿಸಬೇಕೆಂಬುದು ನಮ್ಮ ಅಭಿಪ್ರಾಯ. ಸುಳ್ಳು ಅಂಕಿಗಳಿಗೆ ಅದು ಓಗೊಡದು.