ಆನ್‌ಲೈನ್ ಜಾಹೀರಾತುಗಳಲ್ಲಿ ಕ್ಲಿಕ್ ವಂಚನೆ: ನಿಗಾ ವ್ಯವಸ್ಥೆ ಮತ್ತು ಅರ್ಜಿದಾರರ ಹಿತ

1. ಹಿನ್ನೆಲೆ

ಸರ್ಕಾರದ ಯೋಜನೆಗಳ ಪ್ರಕಟಣೆಗಳು ಹಿಂದೆ ದಿನಪತ್ರಿಕೆ, ಆಕಾಶವಾಣಿ ಹಾಗೂ ಪಂಚಾಯಿತಿ ಕಚೇರಿಯ ಸೂಚನಾ ಫಲಕಗಳ ಮೂಲಕ ಸಾರ್ವಜನಿಕರನ್ನು ತಲುಪುತ್ತಿದ್ದವು. ಇಂದು ಇವುಗಳ ಜೊತೆಗೆ ಮೊಬೈಲ್ ಪರದೆಯ ಜಾಹೀರಾತುಗಳೂ ಸೇರಿವೆ. ಕೇಂದ್ರ ಸರ್ಕಾರವು 2023ರ ನವೆಂಬರ್ ತಿಂಗಳಿನಲ್ಲಿ ಡಿಜಿಟಲ್ ಜಾಹೀರಾತು ನೀತಿಗೆ ಅನುಮೋದನೆ ನೀಡಿತು. ಕರ್ನಾಟಕ ಸರ್ಕಾರವು 2024ರಲ್ಲಿ ಡಿಜಿಟಲ್ ಜಾಹೀರಾತು ಮಾರ್ಗಸೂಚಿಗಳನ್ನು ಹೊರಡಿಸಿತು. ಸಾರ್ವಜನಿಕ ಹಣವು ಈ ಮಾಧ್ಯಮಕ್ಕೆ ವಿನಿಯೋಗವಾಗುವಾಗ, ಆ ಹಣಕ್ಕೆ ಪ್ರತಿಯಾಗಿ ನಿಜವಾದ ನಾಗರಿಕರು ತಲುಪಿದರೇ ಎಂಬ ಪ್ರಶ್ನೆಯು ಸಹಜವಾಗಿಯೇ ಉದ್ಭವಿಸುತ್ತದೆ.

ಆನ್‌ಲೈನ್ ಜಾಹೀರಾತುಗಳಲ್ಲಿ ಬಹುಪಾಲು ಕ್ಲಿಕ್ಕಿಗೆ ಇಷ್ಟು ಎಂಬ ದರದಲ್ಲಿ ಹಣ ಪಾವತಿಸಲಾಗುತ್ತದೆ. ಸೇವೆಯನ್ನು ಪಡೆಯುವ ಯಾವ ಉದ್ದೇಶವೂ ಇಲ್ಲದೆ, ಕೇವಲ ಹಣ ಗಳಿಸಲು ಅಥವಾ ಜಾಹೀರಾತುದಾರರ ಹಣ ವ್ಯರ್ಥ ಮಾಡಲು ಕೈಯಿಂದಲೋ ತಂತ್ರಾಂಶದಿಂದಲೋ ಮಾಡುವ ಕ್ಲಿಕ್ಕುಗಳನ್ನು ಕ್ಲಿಕ್ ವಂಚನೆ ಎಂದು ಕರೆಯಲಾಗುತ್ತದೆ.

2. ವಂಚನೆ ಬೆಳೆದುಬಂದ ಬಗೆ

ಈ ಸಮಸ್ಯೆಯು ಹೊಸದಲ್ಲ. ಗೃಹಿಣಿಯರು ಮತ್ತು ಪದವೀಧರರು ಜಾಹೀರಾತುಗಳನ್ನು ಕ್ಲಿಕ್ ಮಾಡಿ ತಿಂಗಳಿಗೆ 100ರಿಂದ 200 ಡಾಲರ್ ಗಳಿಸುತ್ತಿರುವರೆಂದು 2004ರಲ್ಲಿಯೇ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯು ವರದಿ ಮಾಡಿತ್ತು. ಅಮೆರಿಕದಲ್ಲಿ ಜಾಹೀರಾತುದಾರರು ಹೂಡಿದ್ದ ದಾವೆಯಲ್ಲಿ ಗೂಗಲ್ ಸಂಸ್ಥೆಯು 2006ರಲ್ಲಿ 9 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿತು. 2017ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶ ಪೊಲೀಸರು ನೋಯ್ಡಾದ ಸಂಸ್ಥೆಯೊಂದರ ವಿರುದ್ಧ ಕ್ರಮ ಕೈಗೊಂಡರು. ಮುಂಗಡ ಹಣ ಕಟ್ಟಿದವರಿಗೆ ಕ್ಲಿಕ್ಕಿಗೆ 5 ರೂಪಾಯಿ ಕೊಡುವುದಾಗಿ ನಂಬಿಸಿ ಸುಮಾರು 3,700 ಕೋಟಿ ರೂಪಾಯಿ ಸಂಗ್ರಹಿಸಲಾಗಿತ್ತೆಂದು ಪೊಲೀಸರು ಆಗ ತಿಳಿಸಿದ್ದರು. 2018ರ ನವೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯು ಬಹಿರಂಗಪಡಿಸಿದ ಪ್ರಕರಣವೊಂದರಲ್ಲಿ, ದುರುದ್ದೇಶದ ತಂತ್ರಾಂಶ ಹೊಕ್ಕಿದ್ದ 17 ಲಕ್ಷಕ್ಕೂ ಅಧಿಕ ಕಂಪ್ಯೂಟರ್‌ಗಳನ್ನು ಮಾಲೀಕರಿಗೆ ತಿಳಿಯದಂತೆಯೇ ಈ ಕಾರ್ಯಕ್ಕೆ ಬಳಸಲಾಗಿತ್ತು.

3. ನಿಗಾ ವ್ಯವಸ್ಥೆಯ ಹಂತಗಳು

ಜಾಹೀರಾತು ನೀಡುವವರು ಸರ್ಕಾರಿ ಕಚೇರಿಯಾಗಿರಲಿ, ಸಣ್ಣ ಉದ್ಯಮಿಯಾಗಿರಲಿ, ಈ ಕೆಳಕಂಡ ಕ್ರಮಗಳು ಸಮಾನವಾಗಿ ಅನ್ವಯಿಸುತ್ತವೆ.

(ಅ) ಪ್ರತಿ ಜಾಹೀರಾತಿನ ಕೊಂಡಿಗೂ ಪ್ರತ್ಯೇಕ ಗುರುತು ನೀಡುವುದು. ಇದರಿಂದ ಯಾವ ಭೇಟಿಯು ಯಾವ ಜಾಹೀರಾತಿನಿಂದ ಬಂದಿತೆಂಬುದು ತಿಳಿಯುತ್ತದೆ.

(ಆ) ಭೇಟಿಯ ಸಮಯ, ಐ.ಪಿ. ವಿಳಾಸ, ಸಾಧನದ ಬಗೆ ಹಾಗೂ ಪುಟದಲ್ಲಿ ಕಳೆದ ಅವಧಿಯನ್ನು ದಾಖಲಿಸುವುದು. ಆಧಾರ್ ಸಂಖ್ಯೆ ಮುಂತಾದ ವೈಯಕ್ತಿಕ ವಿವರಗಳು ಈ ಕಾರ್ಯಕ್ಕೆ ಅನಾವಶ್ಯಕ.

(ಇ) ಕ್ಲಿಕ್ಕುಗಳ ಸಂಖ್ಯೆ, ತೆರೆಯಲಾದ ಅರ್ಜಿ ನಮೂನೆಗಳ ಸಂಖ್ಯೆ ಮತ್ತು ಸಲ್ಲಿಕೆಯಾದ ಅರ್ಜಿಗಳ ಸಂಖ್ಯೆಯನ್ನು ಪ್ರತಿ ವಾರ ಹೋಲಿಸಿ ನೋಡುವುದು.

(ಈ) ಅನುಮಾನಾಸ್ಪದ ಕ್ಲಿಕ್ಕುಗಳ ದಾಖಲೆ ಸಹಿತ ಜಾಹೀರಾತು ಸಂಸ್ಥೆಗೆ ದೂರು ಸಲ್ಲಿಸುವುದು. ಅಸಿಂಧು ಕ್ಲಿಕ್ಕೆಂದು ಕಂಡುಬಂದ ಮೊತ್ತವನ್ನು ಜಾಹೀರಾತುದಾರರ ಖಾತೆಗೆ ಮರುಜಮೆ ಮಾಡುವ ಪದ್ಧತಿಯು ಗೂಗಲ್ ಮೊದಲಾದ ಸಂಸ್ಥೆಗಳಲ್ಲಿ ಇದೆ.

ಉದಾಹರಣೆಗೆ, 20,000 ರೂಪಾಯಿ ವೆಚ್ಚದಲ್ಲಿ ಕ್ಲಿಕ್ಕಿಗೆ 5 ರೂಪಾಯಿಯಂತೆ 4,000 ಕ್ಲಿಕ್ಕುಗಳು ಬಂದವೆಂದು ಭಾವಿಸೋಣ. ಎರಡು ಜಾಲತಾಣಗಳಿಂದ ತಲಾ 2,000 ಕ್ಲಿಕ್ಕು ಬಂದಿದ್ದು, ಮೊದಲನೆಯದರಿಂದ 160 ಅರ್ಜಿಗಳೂ ಎರಡನೆಯದರಿಂದ ಕೇವಲ 2 ಅರ್ಜಿಗಳೂ ಸಲ್ಲಿಕೆಯಾಗಿದ್ದರೆ, ಎರಡನೆಯ ಜಾಲತಾಣದ ಬಗ್ಗೆ ವಿಚಾರಣೆ ಅಗತ್ಯ. ಕ್ಲಿಕ್ಕುಗಳ ಲೆಕ್ಕವನ್ನಷ್ಟೇ ನೋಡಿದವರಿಗೆ ಇವೆರಡೂ ಸಮಾನವಾಗಿಯೇ ಕಾಣುತ್ತವೆ.

4. ದೇವಸುಗೂರಿನಂತಹ ಊರುಗಳಲ್ಲಿ ವಹಿಸಬೇಕಾದ ಎಚ್ಚರ

ನಿಗಾ ವ್ಯವಸ್ಥೆಯನ್ನು ಸ್ಥಳೀಯ ಪರಿಸ್ಥಿತಿಯನ್ನು ಗಮನಿಸದೆ ಅಳವಡಿಸಿದಲ್ಲಿ ವಂಚಕರಿಗಿಂತ ಅರ್ಹರಿಗೇ ಹೆಚ್ಚಿನ ತೊಂದರೆಯಾಗುವ ಸಂಭವವಿದೆ. ರಾಯಚೂರು ನಗರದ ಉತ್ತರಕ್ಕೆ, ಕೃಷ್ಣಾ ನದಿಯ ಸಮೀಪದಲ್ಲಿರುವ ದೇವಸುಗೂರನ್ನೇ ಗಮನಿಸಬಹುದು. ಪಕ್ಕದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರವು 1985ರಿಂದ ರಾಜ್ಯಕ್ಕೆ ವಿದ್ಯುತ್ ಒದಗಿಸುತ್ತಿದೆ. ಆದರೆ ಸುತ್ತಲಿನ ಹಳ್ಳಿಗಳ ಎಲ್ಲ ಮನೆಗಳಲ್ಲಿಯೂ ಕಂಪ್ಯೂಟರ್ ಇಲ್ಲ. ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಹಳ್ಳಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

ರಾಜ್ಯದಲ್ಲಿ 2022ರಲ್ಲಿ ಆರಂಭವಾದ ಗ್ರಾಮ ಒನ್ ಕೇಂದ್ರಗಳಲ್ಲಿ ಹಲವು ನಾಗರಿಕರ ಅರ್ಜಿಗಳು ಒಂದೇ ಕಂಪ್ಯೂಟರ್‌ನಿಂದ ಸಲ್ಲಿಕೆಯಾಗುತ್ತವೆ. ಒಂದೇ ವಿಳಾಸದಿಂದ ಒಂದೇ ದಿನ ಬಂದ ಹತ್ತಾರು ಭೇಟಿಗಳು ಯಂತ್ರದ ದೃಷ್ಟಿಗೆ ವಂಚನೆಯಂತೆ ಕಾಣಬಹುದು. ವಾಸ್ತವದಲ್ಲಿ ಅವು ಸರದಿಯಲ್ಲಿ ನಿಂತ ಅರ್ಜಿದಾರರ ಭೇಟಿಗಳು. ಇದಲ್ಲದೆ ಮೊಬೈಲ್ ಕಂಪನಿಗಳು ಅನೇಕ ಚಂದಾದಾರರ ನಡುವೆ ಒಂದೇ ಐ.ಪಿ. ವಿಳಾಸವನ್ನು ಹಂಚುವುದು ಸಾಮಾನ್ಯ. ಹಳ್ಳಿಯಲ್ಲಿರುವ ಚಂದಾದಾರರ ವಿಳಾಸವು ದೂರದ ಬೆಂಗಳೂರಿನದೋ ಹೈದರಾಬಾದಿನದೋ ಎಂದು ದಾಖಲಾಗುವುದೂ ಉಂಟು.

ಇಂತಹ ವಿಳಾಸವನ್ನು ಜಾಹೀರಾತಿನಿಂದ ಹೊರಗಿಟ್ಟರೆ ಅಲ್ಲಿನ ನಾಗರಿಕರಿಗೆ ಪ್ರಕಟಣೆಯೇ ಕಾಣುವುದಿಲ್ಲ. ಜಾಲತಾಣದಲ್ಲಿಯೇ ತಡೆಹಿಡಿದರೆ ಅರ್ಜಿ ನಮೂನೆಯೂ ತೆರೆಯುವುದಿಲ್ಲ, ಕೊನೆಯ ದಿನಾಂಕ ಮಾತ್ರ ಕಳೆದುಹೋಗುತ್ತದೆ. ಆದುದರಿಂದ ಐ.ಪಿ. ವಿಳಾಸ ಒಂದನ್ನೇ ಆಧಾರವಾಗಿಟ್ಟುಕೊಂಡು ತೀರ್ಮಾನಿಸುವುದು ಸೂಕ್ತವಲ್ಲ. ಕ್ಲಿಕ್ಕಿನ ನಂತರ ಅರ್ಜಿ ಸಲ್ಲಿಕೆಯಾಯಿತೇ ಎಂಬುದನ್ನು ಮೊದಲು ಪರಿಶೀಲಿಸುವುದು, ಸೇವಾ ಕೇಂದ್ರಗಳ ವಿಳಾಸಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ಇರಿಸುವುದು ಹಾಗೂ ತಡೆಹಿಡಿಯುವ ಮುನ್ನ ಸಿಬ್ಬಂದಿಯೊಬ್ಬರು ದಾಖಲೆಯನ್ನು ಖುದ್ದಾಗಿ ನೋಡುವುದು ಅವಶ್ಯಕ.

5. ಕಾನೂನಿನ ಸ್ಥಿತಿ

ಕ್ಲಿಕ್ ವಂಚನೆ ಎಂಬ ಹೆಸರಿನ ಪ್ರತ್ಯೇಕ ಅಪರಾಧವು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರಲ್ಲಿ ಇಲ್ಲ. ಆದರೆ ಬೇರೆಯವರ ಕಂಪ್ಯೂಟರ್‌ಗೆ ಅನುಮತಿಯಿಲ್ಲದೆ ತಂತ್ರಾಂಶ ಸೇರಿಸುವುದು ಕಲಂ 43 ಮತ್ತು 66ರ ವ್ಯಾಪ್ತಿಗೆ ಬರುತ್ತದೆ. ಕಂಪ್ಯೂಟರ್ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದು ಕಲಂ 66ಡಿ ಅನ್ವಯ ಶಿಕ್ಷಾರ್ಹವಾಗಿದ್ದು, ಮೂರು ವರ್ಷಗಳವರೆಗೆ ಕಾರಾವಾಸ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

6. ಅರ್ಜಿದಾರರ ಗಮನಕ್ಕೆ

ಸರ್ಕಾರಿ ಸೇವೆಗೆ ಅರ್ಜಿ ಸಲ್ಲಿಸುವವರು ಜಾಹೀರಾತಿನ ಕೊಂಡಿಯನ್ನೇ ನಂಬದೆ, ಜಾಲತಾಣದ ವಿಳಾಸವು ‘ಡಾಟ್ ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುವುದೇ ಎಂಬುದನ್ನು ಪರಿಶೀಲಿಸತಕ್ಕದ್ದು. ಕ್ಲಿಕ್ ಮಾಡಿದರೆ ಹಣ, ಲೈಕ್ ಮಾಡಿದರೆ ಹಣ ಎಂದು ಹೇಳಿ ಮುಂಗಡ ಕೇಳುವವರಿಗೆ ಯಾವುದೇ ಮೊತ್ತವನ್ನು ಪಾವತಿಸಬಾರದು. ಅಪರಿಚಿತ ಮೂಲದ ಆ್ಯಪ್‌ಗಳನ್ನು ಮೊಬೈಲ್‌ನಲ್ಲಿ ಅಳವಡಿಸಿಕೊಳ್ಳಬಾರದು. ಹಣ ಕಳೆದುಕೊಂಡವರು ವಿಳಂಬ ಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದಾಗಿದೆ ಅಥವಾ ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದಾಗಿದೆ.

ಅರ್ಜಿ ನಮೂನೆಯು ಕಾರಣವಿಲ್ಲದೆ ತೆರೆಯದಿದ್ದಲ್ಲಿ, ದಿನಾಂಕ, ಸಮಯ ಮತ್ತು ಪರದೆಯ ಚಿತ್ರದೊಂದಿಗೆ ಸಂಬಂಧಪಟ್ಟ ಕಚೇರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು ಅರ್ಜಿದಾರರ ಹಿತದೃಷ್ಟಿಯಿಂದ ಸೂಕ್ತ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.