ಚೂರಿಯ ಎದುರು ಬರಿಗೈ: ಕಲಿಸಬೇಕಾದ ವಿದ್ಯೆ ಯಾವುದು?

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣವೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳು ಚೂರಿ ಇರಿತಕ್ಕೆ ಬಲಿಯಾದಳು. ತಿಂಗಳು ತುಂಬುವ ಮೊದಲೇ, ಮೇ 15ರಂದು, ಅದೇ ನಗರದ ಇನ್ನೊಬ್ಬ ಯುವತಿಯನ್ನು ಆಕೆಯ ಮನೆಯಲ್ಲೇ ಇರಿದು ಕೊಲ್ಲಲಾಯಿತು. ಇಂತಹ ಘಟನೆಗಳ ಬೆನ್ನಿಗೇ ಎರಡು ಸಲಹೆಗಳು ಕೇಳಿಬರುತ್ತವೆ: ಹೆಣ್ಣುಮಕ್ಕಳಿಗೆ ಕರಾಟೆ ಕಲಿಸಿ, ಇಲ್ಲವೇ, ಅವರ ಚೀಲದಲ್ಲೂ ಒಂದು ಚೂರಿ ಇರಲಿ. ಎರಡನೆಯ ಸಲಹೆ ಅಪಾಯಕಾರಿ, ಮೊದಲನೆಯದು ಅಪೂರ್ಣ.

ಚೂರಿಯ ದಾಳಿ ನಡೆಯುವುದು ತೋಳಳತೆಯ ಅಂತರದಲ್ಲಿ. ಚೀಲ ತೆರೆದು ಆಯುಧ ಹುಡುಕುವಷ್ಟು ಸಮಯ ಅಲ್ಲಿ ಸಿಗದು. ಹೊರತೆಗೆದರೂ ಅದು ಎದುರಾಳಿಯ ಕೈಸೇರುವ ಭಯ ಇದ್ದೇ ಇರುತ್ತದೆ. ಗಾಳಿಯಲ್ಲಿ ಒದೆಯುವ ಅಭ್ಯಾಸವೂ ಅಲ್ಲಿ ಹೆಚ್ಚು ನೆರವಾಗದು. ಓಡಲು ದಾರಿಯಿದ್ದರೆ ಓಡುವುದೇ ಮೊದಲ ಪಾಠ. ದಾರಿಯಿಲ್ಲದಿದ್ದರೆ ಆಯುಧ ಹಿಡಿದ ಕೈಯನ್ನು ಎರಡೂ ಕೈಗಳಿಂದ ಬಿಗಿದು, ನೆಲಕ್ಕುರುಳದೆ, ಬಿಡಿಸಿಕೊಂಡು ಹೊರಬರಬೇಕು. ಇದು ಕುಸ್ತಿಯ ಪಟ್ಟಿನ ವಿದ್ಯೆ.

ಈ ವಿದ್ಯೆ ನಮಗೆ ಹೊಸದಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜೆಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗದಲ್ಲಿ ಮಲ್ಲಯುದ್ಧ ಮತ್ತು ಮೊನಚಾದ ಮುಷ್ಟಿ ಆಯುಧ ಒಂದಾಗಿವೆ. ಮೊದಲ ರಕ್ತದ ಹನಿ ಕಂಡೊಡನೆ ಕಾಳಗ ಮುಗಿಯುತ್ತದೆ. 16ನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಬರಹಗಾರ ನೂನಿಜ್, ಮೊನೆಗಳಿದ್ದ ಬಳೆಯಂಥ ಆಯುಧ ಹಿಡಿದು ಹೊಡೆದಾಡುವ ಮಲ್ಲರನ್ನು ಉಲ್ಲೇಖಿಸಿದ್ದಾನೆ. ಆದರೆ ಅಂಕಣದಲ್ಲಿ ನಿಯಮವಿತ್ತು, ನಿಲ್ಲಿಸುವವರಿದ್ದರು. ಬೀದಿಯಲ್ಲಿ ಎರಡೂ ಇಲ್ಲ. ಆದ್ದರಿಂದ ಗರಡಿಯಿಂದ ನಾವು ಪಡೆಯಬೇಕಾದದ್ದು ಹಿಡಿತವನ್ನೇ ಹೊರತು ಆಯುಧವನ್ನಲ್ಲ.

ಕಾನೂನಿನ ದಿಕ್ಕೂ ಇದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಅತ್ಯಾಚಾರ, ಆಮ್ಲ ದಾಳಿ, ಪ್ರಾಣಾಪಾಯದಂತಹ ಸಂದರ್ಭಗಳಲ್ಲಿ ಆಕ್ರಮಣಕಾರನ ಸಾವೂ ಈ ಹಕ್ಕಿನ ಮಿತಿಯೊಳಗೆ ಬರಬಹುದು. ಆದರೆ ರಕ್ಷಣೆಗೆ ಅಗತ್ಯವಿರುವುದಕ್ಕಿಂತ ಹೆಚ್ಚಿನ ಹಾನಿಗೆ ಅವಕಾಶವಿಲ್ಲ. ಅಪಾಯದ ಭಯ ಮುಗಿದಲ್ಲಿಗೆ ಹಕ್ಕೂ ಮುಗಿಯುತ್ತದೆ. ಅಪಾಯದಲ್ಲಿರುವವರು ತಮ್ಮ ಬಲಪ್ರಯೋಗವನ್ನು ತಕ್ಕಡಿಯಲ್ಲಿ ತೂಗಿ ನೋಡಲಾರರು ಎಂಬುದನ್ನು ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಒಪ್ಪಿದೆ. ಪ್ರಾಣ ಉಳಿಸಿಕೊಳ್ಳಲು ಹೋರಾಡಿದವಳಿಗೆ ಈ ತೀರ್ಪು ಬಲ ನೀಡುತ್ತದೆ. ಹಗೆ ತೀರಿಸಲು ಇರಿದವರಿಗೆ ಯಾವ ಆಸರೆಯನ್ನೂ ನೀಡದು.

ಸಮಗ್ರ ಶಿಕ್ಷಣ ಯೋಜನೆಯಡಿ 6ರಿಂದ 12ನೆಯ ತರಗತಿಯ ಬಾಲಕಿಯರಿಗೆ ಮೂರು ತಿಂಗಳ ಆತ್ಮರಕ್ಷಣಾ ತರಬೇತಿಗೆ ಅವಕಾಶವಿದೆ. ವೇದಿಕೆಯ ಮೇಲೆ ಹೆಂಚು ಒಡೆದು ತೋರಿಸುವುದರಲ್ಲೇ ಆ ತಿಂಗಳುಗಳು ಕಳೆದುಹೋಗಬಾರದು. ಹಿಡಿತ ಬಿಡಿಸಿಕೊಳ್ಳುವುದು, ಕೂಗಿ ಜನರನ್ನು ಸೇರಿಸುವುದು, 112ಕ್ಕೆ ಕರೆ ಮಾಡುವುದು, ರಕ್ತ ಸೋರುವ ಗಾಯವನ್ನು ಬಿಗಿಯಾಗಿ ಒತ್ತಿಹಿಡಿಯುವುದು, ನಾಟಿದ ಚೂರಿಯನ್ನು ಕೀಳದಿರುವುದು ಪಾಠದ ಭಾಗವಾಗಬೇಕು. ಹಿಂಬಾಲಿಸುವವನ ವಿರುದ್ಧ ದೂರು ನೀಡುವ ಬಗೆಯನ್ನೂ ಹೇಳಿಕೊಡಬೇಕು. ಆ ದೂರನ್ನು ಠಾಣೆ ಗಂಭೀರವಾಗಿ ಪರಿಗಣಿಸಬೇಕು.

ಸಾಲಿಗ್ರಾಮ ಶಿಲೆಯ ಬೃಹತ್ ಗಣಪನಿಗೆ ಹೆಸರಾದ ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯಂಥ ಊರುಗಳಿಂದ ಪಟ್ಟಣಕ್ಕೆ ಓದಲು ಹೋಗುವ ಹುಡುಗಿಯರಿಗೂ ಈ ತರಬೇತಿ ತಲುಪಬೇಕು. ಚೂರಿ ಕೊಡುವುದು ಸುಲಭ. ಅದು ನಮ್ಮ ಹೊಣೆಯನ್ನು ಅವರ ಚೀಲಕ್ಕೆ ದಾಟಿಸಿದಂತೆ ಅಷ್ಟೆ.