ಮಣ್ಣಿನ ಸಹಿ, ಮಂಜಿನ ರುಚಿ

ಸಿಯಾಟಲ್‌ನಲ್ಲಿ ಮಳೆಗೆ ಕೊರತೆಯಿಲ್ಲ, ಬೆಟ್ಟಕ್ಕೂ ಇಲ್ಲ. ಮೋಡ ಸರಿದ ದಿನ ಊರಿನ ಆಗ್ನೇಯಕ್ಕೆ 4,392 ಮೀಟರ್ ಎತ್ತರದ ರೇನಿಯರ್ ಪರ್ವತ ಹಿಮ ಹೊದ್ದು ನಿಂತಿರುತ್ತದೆ. ಅದು ಜ್ವಾಲಾಮುಖಿ. ಬೀದಿಗೆ ಒಂದಾದರೂ ಕಾಫಿ ಅಂಗಡಿ ಇದೆ. 1971ರಲ್ಲಿ ಸ್ಟಾರ್‌ಬಕ್ಸ್ ಹುಟ್ಟಿದ್ದೂ ಇಲ್ಲೇ. ಇಲ್ಲದ್ದು ಕಾಫಿ ಗಿಡ ಒಂದೇ. 47 ಡಿಗ್ರಿ ಅಕ್ಷಾಂಶದ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಒಂದು ರಾತ್ರಿ ಸಾಕು, ಅರೇಬಿಕಾದ ಎಲೆ ಕರಕಲಾಗುತ್ತದೆ.

ಕಾಫಿ ಬೆಳೆಯದ ಈ ಊರಿನ ಫೆಡರಲ್ ನ್ಯಾಯಾಲಯದಲ್ಲಿ 2019ರಲ್ಲಿ ಕಾಫಿ ಬೆಳೆಗಾರರು ಒಂದು ದಾವೆ ಹೂಡಿದರು. ಅವರು ಹವಾಯಿಯ ಕೋನಾ ಸೀಮೆಯವರು. ಪೊಟ್ಟಣದ ಮೇಲೆ ಕೋನಾ ಎಂದು ಬರೆದು ಬೇರೆ ಯಾವುದೋ ಕಾಫಿ ಮಾರುತ್ತಿದ್ದಾರೆ ಎಂಬುದು ದೂರು. ದೂರಿನಲ್ಲಿದ್ದ ಲೆಕ್ಕ ಹೀಗಿತ್ತು: ಕೋನಾದಲ್ಲಿ ವರ್ಷಕ್ಕೆ ಬೆಳೆಯುವುದು ಸುಮಾರು 27 ಲಕ್ಷ ಪೌಂಡ್, ಆ ಹೆಸರಲ್ಲಿ ಮಾರಾಟವಾಗುವುದು 2 ಕೋಟಿ ಪೌಂಡಿಗೂ ಹೆಚ್ಚು. ನಮ್ಮ ಕಡೆ ಹಾಲಿಗೆ ನೀರು ಬೆರೆಸುವವರೂ ಇಷ್ಟು ಧಾರಾಳಿಗಳಲ್ಲ.

ಆದರೆ ಹುರಿದು ಪುಡಿಯಾದ ಕಾಫಿ ಯಾವ ಬೆಟ್ಟದ್ದೆಂದು ಸಾಬೀತು ಮಾಡುವುದು ಹೇಗೆ? ನಾಲಿಗೆಯ ಸಾಕ್ಷಿ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಯೂಟಾ ವಿಶ್ವವಿದ್ಯಾಲಯದ ವಿಜ್ಞಾನಿ ಜೇಮ್ಸ್ ಎಹ್ಲರಿಂಗರ್ ಬೀಜದೊಳಗಿನ ಲೋಹಗಳನ್ನು ಅಳೆದರು. ಸ್ಟ್ರಾನ್ಷಿಯಂ ಎಷ್ಟು, ಸತು ಎಷ್ಟು, ಬೇರಿಯಂಗೆ ನಿಕಲ್ಲಿನ ಪ್ರಮಾಣವೆಷ್ಟು ಎಂದು. ಬೇರು ಮಣ್ಣಿನಿಂದ ಹೀರಿಕೊಂಡ ಈ ಧಾತುಗಳು ಹುರಿದರೆ ಹಾರಿಹೋಗುವುದಿಲ್ಲ; ಅವುಗಳ ಪ್ರಮಾಣ ಒಂದೊಂದು ಸೀಮೆಗೆ ಒಂದೊಂದು ಥರ. ಕೊನೆಗೆ ಒಬ್ಬೊಬ್ಬರಾಗಿ ಪ್ರತಿವಾದಿಗಳು ರಾಜಿಗೆ ಬಂದರು. ಒಟ್ಟು ಪರಿಹಾರ 4 ಕೋಟಿ ಡಾಲರ್ ದಾಟಿತು.

ಮಣ್ಣು ತನ್ನ ಸಹಿ ಹಾಕಿತ್ತು, ನಿಜ. ಆದರೆ ಸಹಿ ಬೇರೆ, ರುಚಿ ಬೇರೆ. ಬೀಜದಲ್ಲಿರುವ ಆ ಚೂರು ಬೇರಿಯಂ ಯಾರ ನಾಲಿಗೆಗೂ ತಿಳಿಯದು. ‘ಜ್ವಾಲಾಮುಖಿಯ ಮಣ್ಣಿನ ಘಮ’ ಎಂದು ಜಾಹೀರಾತು ಹೇಳಿದಾಗ ನನಗೆ ಅನುಮಾನ ಬರುವುದು ಇಲ್ಲೇ. ರುಚಿಯ ಹೆಚ್ಚಿನ ಪಾಲು ನೆಲದಿಂದಲ್ಲ, ನೆಲದ ಮೇಲಿನ ಗಾಳಿ, ಮಂಜು, ಇಳಿಹೊತ್ತಿನ ನೆರಳಿನಿಂದ ಬರುತ್ತದೆ.

ಬೆಟ್ಟ ಹತ್ತಿದಂತೆ ಸಾವಿರ ಮೀಟರಿಗೆ ಸುಮಾರು ಆರು ಡಿಗ್ರಿ ತಂಪಾಗುತ್ತದೆ. ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ. ರಾತ್ರಿ ಸೆಕೆಯಿದ್ದರೆ ಗಿಡ ಹಗಲು ಕೂಡಿಟ್ಟ ಸಕ್ಕರೆಯನ್ನು ಉಸಿರಾಟಕ್ಕೇ ಸುರಿಯುತ್ತದೆ. ರಾತ್ರಿ ತಣ್ಣಗಿದ್ದರೆ ಉಳಿದದ್ದು ಬೀಜ ಸೇರುತ್ತದೆ. ಬೀಜ ಗಟ್ಟಿಯಾಗುತ್ತದೆ. ಹುರಿಯುವಾಗ ಘಮವಾಗಿ, ಹಿತವಾದ ಹುಳಿಯಾಗಿ ಒಡೆಯುವುದು ಆ ಸಕ್ಕರೆಯೇ. ಕಾರ್ಬೈಡ್ ಹಾಕಿ ಎರಡೇ ದಿನಕ್ಕೆ ಹಣ್ಣು ಮಾಡಿದ ಮಾವನ್ನು ತಿಂದವರಿಗೆ ಅವಸರದ ರುಚಿ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಕೋನಾ ತೋಟಗಳಿರುವುದು ಬರೀ 150ರಿಂದ 900 ಮೀಟರ್ ಎತ್ತರದಲ್ಲಿ. ನಮ್ಮ ಲೆಕ್ಕದಲ್ಲಿ ಅದು ರೋಬಸ್ಟಾದ ಜಾಗ. ಆದರೆ ಅಲ್ಲಿ ಮಧ್ಯಾಹ್ನವಾದರೆ ಬೆಟ್ಟದ ಮೇಲೆ ಮೋಡ ಕವಿದು ಚಪ್ಪರ ಹಾಕುತ್ತದೆ. ಬಾಬಾಬುಡನ್‌ಗಿರಿಯಲ್ಲಿ ಅದೇ ಕೆಲಸವನ್ನು ಸಾವಿರದಿಂದ ಸಾವಿರದೈನೂರು ಮೀಟರಿನ ಎತ್ತರ ಮಾಡುತ್ತದೆ. ಉಳಿದದ್ದು ನೆರಳಿನ ಮರಗಳ ಪಾಲು: ಅತ್ತಿ, ಬೀಟೆ, ಹಲಸು, ಸಿಲ್ವರ್ ಓಕ್. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಬೆಳಕು ಬಿಡುವುದೂ ಬೇಸಗೆಗೆ ಕೊಂಬೆ ಉಳಿಸುವುದೂ ಒಂದು ರೀತಿಯಲ್ಲಿ ಮೋಡದ ಬೇಸಾಯವೇ.

ಹವಾಮಾನದ ಇನ್ನೊಂದು ಕೊಡುಗೆಯೂ ನಮಗೆ ಒಲಿದಿದೆ ಎಂಬುದು ನನ್ನ ಹೆಮ್ಮೆ. ಭೂಮಧ್ಯರೇಖೆಗೆ ಹತ್ತಿರದ ನಾಡುಗಳಲ್ಲಿ ಕಾಫಿ ಕಂತುಕಂತಾಗಿ ಹೂ ಬಿಡುತ್ತದೆ. ನಮ್ಮಲ್ಲಿ ಮೂರು ತಿಂಗಳ ಒಣಹವೆಗೆ ಮೊಗ್ಗು ನಿದ್ದೆ ಹೋಗಿರುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಹೂ ಮಳೆ ಬಿತ್ತೆಂದರೆ ಹತ್ತು ದಿನದೊಳಗೆ ಇಡೀ ಗುಡ್ಡ ಒಟ್ಟಿಗೆ ಬೆಳ್ಳಗಾಗಿ ಮಲ್ಲಿಗೆಯಂತೆ ಗಂ ಎನ್ನುತ್ತದೆ. ಒಟ್ಟಿಗೆ ಅರಳಿದ್ದು ಹೆಚ್ಚುಕಡಿಮೆ ಒಟ್ಟಿಗೆ ಹಣ್ಣಾಗುತ್ತದೆ. ಮಂಗಳೂರು ಕರಾವಳಿಯ ಮುಂಗಾರು ಗಾಳಿಗೆ ಬೀಜವನ್ನು ಹರವಿ, ಊದಿಸಿ, ಹುಳಿ ಇಳಿಸುವ ‘ಮಾನ್ಸೂನ್ಡ್ ಮಲಬಾರ್’ ಕೊಯ್ಲಾದ ಮೇಲೂ ಹವೆಗೆ ಕೆಲಸ ಕೊಡುವ ಜಾಣತನ.

ಹಾಗೆಂದು ಮಣ್ಣು ಬರೀ ಸಹಿಗಾರನಲ್ಲ. ನಿಂತ ನೀರು ಕಾಫಿಯ ಬೇರಿಗೆ ಆಗದು. ಇಳಿಜಾರಿನ ಸಡಿಲ ಮಣ್ಣು ಬೇಕು. ಕೋನಾದ ನೆಲ ಎಳೆಯದು. ಅಲ್ಲಿಯ ಹುವಾಲಲಾಯಿ ಜ್ವಾಲಾಮುಖಿ ಕೊನೆಯ ಬಾರಿ ಉಕ್ಕಿದ್ದು 1801ರಲ್ಲಿ. ಬಾಬಾಬುಡನ್ ಶ್ರೇಣಿಯಲ್ಲೂ ಲಾವಾ ಹರಿದಿತ್ತು, ಆದರೆ 250 ಕೋಟಿ ವರ್ಷಕ್ಕೂ ಹಿಂದೆ. ಆ ಕಲ್ಲಿನ ಜೊತೆ ಕಬ್ಬಿಣದ ಪದರಗಳೂ ಇವೆ. ಕೆಮ್ಮಣ್ಣುಗುಂಡಿ ಎಂಬ ಹೆಸರೇ ಅದನ್ನು ಹೇಳುತ್ತದೆ. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಅಲ್ಲಿಂದ. ಕೆಮ್ಮಣ್ಣಿನ ಕಬ್ಬಿಣ ರಂಜಕವನ್ನು ಗಿಡಕ್ಕೆ ಸುಲಭವಾಗಿ ಬಿಟ್ಟುಕೊಡದ ಜುಗ್ಗ. ಬಿಡಿಸಿಕೊಡುವುದು ನೆರಳಿನ ಮರಗಳಿಂದ ಉದುರಿ ಕೊಳೆತ ತರಗೆಲೆ. ಹುಳಿ ಹೆಚ್ಚಾದರೆ ಬೆಳೆಗಾರ ಸುಣ್ಣ ಹಾಕುತ್ತಾನೆ. ಇಷ್ಟೆಲ್ಲ ನಡೆದ ಮೇಲೆ ಅದನ್ನು ‘ಮಣ್ಣಿನ ಗುಣ’ ಎನ್ನುವುದು ಆಳುಕಾಳುಗಳ ಕೂಲಿಯನ್ನೂ ಮಣ್ಣಿನ ಲೆಕ್ಕಕ್ಕೆ ಬರೆದ ಹಾಗೆ.

ಇಷ್ಟು ಜತನದಿಂದ ಬಂದ ಬೀಜವನ್ನು ಕರ್ರಗೆ ಹುರಿದರೆ ಕಥೆ ಮುಗಿಯಿತು. ಸಿಯಾಟಲ್ ಜಗತ್ತಿಗೆ ಕಲಿಸಿದ್ದು ಆ ಕಡು ಹುರಿತವನ್ನೇ. ಅದರಲ್ಲಿ ಒಲೆಯ ರುಚಿ ಇರುತ್ತದೆ, ಬೆಟ್ಟದ್ದಲ್ಲ. ಈಚೆಗೆ ಊರು ಸ್ವಲ್ಪ ಬದಲಾಗಿದೆ. 2016ರಲ್ಲಿ ಕೊಡಗಿನ ಟಾಟಾ ನುಲ್ಲೂರು ಎಸ್ಟೇಟಿನ ಕಾಫಿ ಸ್ಟಾರ್‌ಬಕ್ಸ್‌ನ ಸಿಯಾಟಲ್ ರೋಸ್ಟರಿಯಲ್ಲಿ ತನ್ನದೇ ಹೆಸರಿನಲ್ಲಿ ಮಾರಾಟಕ್ಕೆ ಬಂತು. ನಮ್ಮ ಕಾಫಿಯ ಹೆಚ್ಚಿನ ಪಾಲು ರಫ್ತಾಗಿ, ಇಟಲಿಯಂಥ ಕಡೆ ಯಾರದೋ ಎಸ್ಪ್ರೆಸೊ ಮಿಶ್ರಣದಲ್ಲಿ ಹೆಸರಿಲ್ಲದೆ ಕರಗುವಾಗ ಇದು ಸಣ್ಣ ಮಾತಲ್ಲ. 2019ರಲ್ಲಿ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗಿನ ಅರೇಬಿಕಾಗಳಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಕೋನಾದವರು ನ್ಯಾಯಾಲಯದ ಮೆಟ್ಟಿಲು ಹತ್ತಿದ ವರ್ಷವೇ.

ಆದರೆ ಹೆಸರಿನ ವಿಷಯದಲ್ಲಿ ನಾವೂ ಮಡಿವಂತರಲ್ಲ. ಹವಾಯಿಯಲ್ಲಿ ಇಷ್ಟು ದಿನ ನೂರಕ್ಕೆ ಹತ್ತು ಪಾಲು ಕೋನಾ ಇದ್ದರೂ ‘ಕೋನಾ ಮಿಶ್ರಣ’ ಎನ್ನಬಹುದಿತ್ತು. 2027ರ ಜುಲೈಯಿಂದ 51 ಪಾಲಾದರೂ ಇರಬೇಕು. ನಮ್ಮ ಕಾನೂನು ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಎಷ್ಟಿರಬೇಕೆಂದು ಹೇಳುವುದೂ ಅದೇ 51. ಸಿಯಾಟಲ್‌ನ ಕನ್ನಡ ಸಂಘದ ಹೆಸರು ಸಹ್ಯಾದ್ರಿ. ಆ ಸಹ್ಯಾದ್ರಿಯ ಅರೇಬಿಕಾವನ್ನು ಒಂದು ಚಿಟಿಕೆ ಚಿಕೋರಿಯೂ ಇಲ್ಲದೆ, ಹಾಲೂ ಇಲ್ಲದೆ ಕುಡಿಸಿದರೆ ನಮ್ಮಲ್ಲಿ ಎಷ್ಟು ಜನ ಮುಖ ಕಿವುಚದೆ ಇದ್ದೇವು? ನಾನಂತೂ ಮೊದಲ ಸಲ ಕಿವುಚಿದ್ದೆ.

ಮೊನ್ನೆ ಆಲ್ದೂರಿನ ಚಿಕ್ಕಪ್ಪನಿಗೆ ಫೋನ್ ಮಾಡಿ, ನಿಮ್ಮ ತೋಟದ ಕಾಫಿ ಎಲ್ಲಿ ಕುಡಿಯಲು ಸಿಗುತ್ತದೆ ಎಂದು ಕೇಳಿದೆ. ಅವರು ನಕ್ಕರು. “ಕ್ಯೂರಿಂಗ್‌ಗೆ ಹೋದ ಮೇಲೆ ಯಾರ್ ಮನೆ ಸೇರುತ್ತೋ ಯಾರಿಗ್ ಗೊತ್ತು ಮಾರಾಯ. ಈ ಸಲ ಹೂ ಮಳೆ ಮಾತ್ರ ಚೆನ್ನಾಗ್ ಬಂತು ನೋಡು.”